ರೆಡಿಮೇಡ್ ಸಾಕು

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯ ಫೋನಿನ ಮುಂದೆ ಬೋರ್ಡಮ್ಮ ಕೂರಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಬೆನ್ನ ಹಿಂದಿದ್ದ ದೊಡ್ಡ ಬಿಳಿ ಬೋರ್ಡಿನಿಂದ ಅವಳಿಗೆ ಆ ಹೆಸರು ಬಂದಿತ್ತು. ನೂರ ನಲವತ್ತು ಕಟ್ಟಡ, ಒಂಬತ್ತು ಮಂದಿ ಮೆಕ್ಯಾನಿಕ್‌ಗಳು, ಯಾರು ಎಲ್ಲಿಗೆ ಹೋಗಬೇಕೆನ್ನುವುದೆಲ್ಲ ಆ ಬೋರ್ಡಿನ ಮೇಲಿದೆ ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೂ ಅಲ್ಲಿದ್ದದ್ದು ಹೆಸರು ಮತ್ತು ಗಂಟೆ, ಅಷ್ಟೇ. ಮಿಕ್ಕಿದ್ದೆಲ್ಲ ಅವಳ ತಲೆಯಲ್ಲಿತ್ತು. ಫೋನಿನಲ್ಲಿ ಕೂಗುವವನು ಹೆದರಿದ್ದಾನೋ ಬರೀ ರೇಗಿದ್ದಾನೋ ಎಂದು ದನಿಯಲ್ಲೇ ಹೇಳುತ್ತಿದ್ದಳು. ಹಾವು ಮುಂಗುಸಿಯಂತಿದ್ದ ಇಬ್ಬರು ಮೆಕ್ಯಾನಿಕ್‌ಗಳನ್ನು ಒಂದೇ ಕೆಲಸಕ್ಕೆ ಹಾಕದಂತೆ ವರ್ಷಗಟ್ಟಲೆ ನೋಡಿಕೊಂಡಿದ್ದಳು, ಅದು ಆ ಇಬ್ಬರಿಗೇ ಗೊತ್ತಿರಲಿಲ್ಲ.

ಆ ತಲೆ ಈಚೆಗೆ ಸಂಜೆಯಾಗುವಷ್ಟರಲ್ಲಿ ಚಿಟ್ಟು ಹಿಡಿಯುತ್ತಿತ್ತು. ಮನೆಗೆ ಹೋಗಿ ಚಪ್ಪಲಿ ಬಿಡದೆ ಹತ್ತು ನಿಮಿಷ ಗೋಡೆ ನೋಡುತ್ತ ಕೂರುವುದು ಅಭ್ಯಾಸವಾಗಿಬಿಟ್ಟಿತ್ತು.

ಹೀಗಿರುವಾಗ ಕಂಪನಿಯ ಯಜಮಾನರು ಒಂದು ಬೆಳಿಗ್ಗೆ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡರು.

"ಸಾಫ್ಟ್‌ವೇರ್ ತಗೊಳ್ಳೋದು ಅಂತ ತೀರ್ಮಾನ ಮಾಡಿದೀನಿ. ಎರಡು ದಾರಿ ಇದೆ. ಒಂದು ರೆಡಿಮೇಡ್, ಎಷ್ಟೋ ಕಂಪನಿಯವರು ಬಳಸ್ತಿದಾರೆ. ಇನ್ನೊಂದು, ನಮಗೆ ಬೇಕಾದ ಹಾಗೆ ಬರೆಸೋದು. ಯಾವುದು ಅಂತ ನೀವೇ ಹೇಳಿ. ದಿನವಿಡೀ ಅದರ ಮುಂದೆ ಕೂರೋರು ನೀವು."

"ನಂಗೇನು ಗೊತ್ತಾಗತ್ತೆ ಸಾರ್?"

"ನಿಮಗೆ ಗೊತ್ತಾಗದೆ ಇರೋದು ಈ ಆಫೀಸಲ್ಲಿ ಏನಿದೆ?"

ಅದು ಹೊಗಳಿಕೆಯೇ. ಆದರೂ ಇನ್ನೊಂದು ಮೂಟೆ ಬೆನ್ನಿಗೆ ಬಿದ್ದಂತಾಯಿತು ಅವಳಿಗೆ.

ಮೊದಲು ಬಂದವನು ರೆಡಿಮೇಡ್ ಸಾಫ್ಟ್‌ವೇರ್ ಮಾರುವವನು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ಮೂಡಿಸಿ ಪಟಪಟನೆ ಮಾತಾಡಿದ. ದೂರು ಬಂದ ತಕ್ಷಣ ಹತ್ತಿರ ಇರುವ ಮೆಕ್ಯಾನಿಕ್‌ನ ಮೊಬೈಲಿಗೆ ತಾನಾಗಿಯೇ ಕೆಲಸ ಹೋಗುತ್ತದೆ, ತಿಂಗಳ ಸರ್ವಿಸ್ ದಿನವನ್ನೂ ಅದೇ ಗೊತ್ತುಮಾಡುತ್ತದೆ ಎಂದ.

ಬೋರ್ಡಮ್ಮ ಕೇಳಿದಳು: "ನದಿ ರಸ್ತೆ ಕಟ್ಟಡದ ಐದನೇ ಮಹಡಿಯಲ್ಲಿ ಒಬ್ಬರಿಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್ ಇರತ್ತೆ. ಆ ಎರಡು ದಿನ ಅಲ್ಲಿ ಲಿಫ್ಟ್ ನಿಲ್ಲಿಸಿ ಸರ್ವಿಸ್ ಮಾಡೋ ಹಾಗಿಲ್ಲ. ಅದನ್ನ ಎಲ್ಲಿ ಹಾಕೋದು?"

ಅವನು ಎರಡು ಸಲ ಏನೋ ಒತ್ತಿ ನೋಡಿದ. "ಅದಕ್ಕೇಂತ ಬೇರೆ ಜಾಗ ಇಲ್ಲ ಮೇಡಂ. ಟಿಪ್ಪಣಿ ಅಂತ ಇದೆ ನೋಡಿ, ಅಲ್ಲಿ ಬರೀಬಹುದು. ಇನ್ನೂರು ಅಕ್ಷರ."

ಮೆಕ್ಯಾನಿಕ್‌ಗಳಲ್ಲಿ ಹಿರಿಯನಾದ ಗ್ರೀಸಣ್ಣ ಬಾಗಿಲಿಗೆ ಒರಗಿ ನಿಂತಿದ್ದ. "ನಮ್ಮ ಬೋರ್ಡಮ್ಮ ಇನ್ನೂರು ಅಕ್ಷರದಲ್ಲಿ ಫೋನೂ ಎತ್ತಲ್ಲ," ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಬರೆಸುವುದೇ ಸರಿ ಎಂದು ಆಗಲೇ ಮನಸ್ಸಿಗೆ ಬಂದಿತ್ತು.

ಮರುವಾರ ಪ್ರೋಗ್ರಾಂ ಬರೆಯುವವಳು ಬಂದಳು. ಮೂವತ್ತೈದರ ಆಸುಪಾಸು, ಕಡಿಮೆ ಮಾತು. ಗೋಡೆಯ ಮೇಲೆ ಏನನ್ನೂ ತೋರಿಸಲಿಲ್ಲ. ಬೋರ್ಡಮ್ಮನ ಪಕ್ಕ ನೋಟ್‌ಬುಕ್ ಹಿಡಿದು ನಾಲ್ಕು ದಿನ ಕೂತಳು. ಪ್ರತಿ ಫೋನಿಗೂ ಒಂದೇ ಪ್ರಶ್ನೆ: "ಇದು ಯಾಕೆ ಹೀಗೆ?" ಹತ್ತಿರದವನನ್ನು ಬಿಟ್ಟು ದೂರದವನನ್ನು ಯಾಕೆ ಕಳಿಸಿದಿರಿ? ಆ ಆಸ್ಪತ್ರೆಯವರಿಗೆ ಅರ್ಧ ಗಂಟೆ ಅಂತ ಹೇಳಿ ಈ ಹೋಟೆಲಿನವರಿಗೆ ಒಂದು ಗಂಟೆ ಅಂದದ್ದು ಯಾಕೆ?

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಯಾಕೆ ಎಂದು ಕೇಳಿರಲಿಲ್ಲ. ಮೊದಲ ಎರಡು ದಿನ ಬೋರ್ಡಮ್ಮ ಊಟ ಮರೆತು ಹೇಳಿದಳು. ಮೂರನೆಯ ದಿನ ಮಾತಾಡಿ ಮಾತಾಡಿ ದನಿ ಕೂತುಹೋಯಿತು. ಹೇಳುತ್ತ ಹೋದಂತೆ, ಇದನ್ನೆಲ್ಲ ಇಷ್ಟು ಕಾಲ ಹೊತ್ತಿದ್ದೆನಲ್ಲ ಎಂದು ತನ್ನ ಬಗ್ಗೆ ತನಗೇ ಅಯ್ಯೋ ಎನಿಸಿತು.

ಅದೇ ಮಧ್ಯಾಹ್ನ ಅಕ್ಕನ ಫೋನ್ ಬಂತು.

"ಮಂಡಿ ಆಪರೇಷನ್‌ಗೆ ಡಾಕ್ಟರು ಮತ್ತೆ ದಿನ ಕೇಳ್ತಿದಾರೆ ಕಣೇ. ಎರಡು ಸಲ ನಿನಗೋಸ್ಕರ ಮುಂದೂಡಿದೀನಿ. ಹತ್ತು ದಿನ ಬರಕ್ಕಾಗತ್ತೋ ಇಲ್ವೋ, ಒಂದು ಹೇಳಿಬಿಡು."

"ನೋಡ್ತೀನಿ ಅಕ್ಕ."

"ನೋಡ್ತೀನಿ ಅಂದ್ರೆ ಇಲ್ಲ ಅಂತ. ನಂಗೊತ್ತು."

ಅಕ್ಕ ಕೋಪದಿಂದ ಹೇಳಿದ್ದರೆ ಸಹಿಸಬಹುದಿತ್ತು. ಸುಸ್ತಾದ ದನಿಯಲ್ಲಿ ಹೇಳಿದಳು.

ನಾಲ್ಕನೆಯ ದಿನ ಪ್ರೋಗ್ರಾಂ ಬರೆಯುವವಳು ಪಟ್ಟಿ ಓದಿದಳು. ಇನ್ನೂರ ಹನ್ನೆರಡು ನಿಯಮಗಳಾಗಿದ್ದವು. ಬೋರ್ಡಮ್ಮ ಕಣ್ಣು ಮುಚ್ಚಿ ಹೂಂಗುಟ್ಟುತ್ತಿದ್ದಳು.

"ತೊಂಬತ್ತೆಂಟು. ಮಾರುಕಟ್ಟೆ ಹಿಂದಿನ ಕಟ್ಟಡಕ್ಕೆ ಗ್ರೀಸಣ್ಣನನ್ನ ಕಳಿಸಬಾರದು. ಯಾಕೆ?"

ಬೋರ್ಡಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ವಾಚ್‌ಮನ್ ಜತೆ ಏನೋ ಜಗಳ, ಯಾವಾಗಲೋ. ಗ್ರೀಸಣ್ಣನನ್ನೇ ಕೂಗಿ ಕೇಳಿದಳು.

"ಆ ವಾಚ್‌ಮನ್ ಕೆಲಸ ಬಿಟ್ಟು ಎಂಟು ವರ್ಷ ಆಯ್ತಲ್ಲ!" ಅಂದ ಗ್ರೀಸಣ್ಣ. "ಆ ಕಟ್ಟಡ ನಮ್ಮನೆ ಎದುರಿಗೇ ಇದೆ. ಅಲ್ಲಿಗೆ ಯಾವತ್ತೂ ನನ್ನ ಹಾಕಲ್ವಲ್ಲ, ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದ್ಕೊಂಡಿದ್ದೆ."

"ಕೇಳಬಾರದಿತ್ತಾ?"

"ನಿಮ್ಮನ್ನ ಕೇಳೋ ಧೈರ್ಯ ಯಾರಿಗಿದೆ?"

ಅವನು ತಮಾಷೆಗೆ ಹೇಳಿ ಹೋದ. ಬೋರ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿ, ಪ್ರೋಗ್ರಾಂ ಬರೆಯುವವಳನ್ನು ಕೇಳಿದಳು: "ನಿಮ್ಮ ಸಾಫ್ಟ್‌ವೇರಿಗೆ ಇಂಥದ್ದು ಬದಲಾಗಿದೆ ಅಂತ ಗೊತ್ತಾಗತ್ತಾ?"

"ತಾನಾಗಿ ಗೊತ್ತಾಗಲ್ಲ. ನೀವು ಹೇಳಬೇಕು, ನಾನು ತಿದ್ದಿಕೊಡ್ತೀನಿ."

"ಮತ್ತೆ ನಾನೇ ಹೇಳಬೇಕಾ?"

ಪ್ರೋಗ್ರಾಂ ಬರೆಯುವವಳು ಅವಳ ಮುಖ ನೋಡಿದಳು. "ಹೌದು," ಅಂದಳು.

ಮರುದಿನ ಬೋರ್ಡಮ್ಮ ಯಜಮಾನರ ಕೋಣೆಗೆ ಹೋಗಿ, "ರೆಡಿಮೇಡ್ ಸಾಕು ಸಾರ್," ಅಂದಳು.

"ಅದರಲ್ಲಿ ನಮ್ಮದು ಅರ್ಧಕ್ಕರ್ಧ ಹಿಡಿಸಲ್ಲ ಅಂತ ನೀವೇ ಮೂಗು ಮುರಿದಿರಲ್ಲ?"

"ಹಿಡಿಸಲ್ಲ. ಆದ್ರೆ ಅದನ್ನ ಯಾರು ಬೇಕಾದ್ರೂ ನಡೆಸಬಹುದು. ಹತ್ತು ದಿನ ರಜೆ ಬೇಕು ನನಗೆ, ಅಕ್ಕನ ಆಪರೇಷನ್."

ಯಜಮಾನರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿ, ಆಗಲಿ ಎಂದರು. ಕಷ್ಟವಾದದ್ದು ಪ್ರೋಗ್ರಾಂ ಬರೆಯುವವಳಿಗೆ ಇದನ್ನು ಹೇಳುವುದು. ಅವಳ ಜತೆ ಮೆಟ್ಟಿಲಿಳಿದು ಬಂದು ಬೋರ್ಡಮ್ಮ ಹೇಳಿದಳು: "ನಿಮ್ಮದು ಚೆನ್ನಾಗಿರಲ್ಲ ಅಂತಲ್ಲಮ್ಮ. ಥೇಟ್ ನನ್ನ ಥರಾನೇ ಇರತ್ತೆ. ನನ್ನಂಥವಳು ಇನ್ನೊಬ್ಬಳು ಇಲ್ಲಿ ಬೇಡ."

ಅವಳು ಬೇಸರವನ್ನು ಮರೆಮಾಚಲಿಲ್ಲ. ಆದರೂ ನೋಟ್‌ಬುಕ್ಕನ್ನು ಕೊಟ್ಟು ಹೋದಳು. ಟಿಪ್ಪಣಿಗಳಿಗೆ ಉಪಯೋಗವಾಗಬಹುದು ಎಂದಳು.

ಎರಡು ತಿಂಗಳಲ್ಲಿ ರೆಡಿಮೇಡ್ ಕೂತಿತು. ಬೋರ್ಡಮ್ಮ ಇನ್ನೂರ ಹನ್ನೆರಡು ನಿಯಮಗಳಲ್ಲಿ ಹಳತಾಗಿ ಸತ್ತುಹೋದವನ್ನು ಹೊಡೆದುಹಾಕಿ, ಉಳಿದ ನೂರ ಮೂವತ್ತನ್ನು ಒಂದೊಂದಾಗಿ ಟೈಪ್ ಮಾಡಿ ಅಕ್ಕನ ಊರಿಗೆ ಹೊರಟಳು.

ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕನೆಯ ದಿನ, ಮಂಗಳವಾರ, ಗ್ರೀಸಣ್ಣ ಫೋನ್ ಮಾಡಿದ. ಸಾಫ್ಟ್‌ವೇರ್ ನದಿ ರಸ್ತೆಯ ಲಿಫ್ಟಿಗೆ ಅಂದೇ ಸರ್ವಿಸ್ ಹಾಕಿತ್ತು. ಟಿಪ್ಪಣಿ ಇತ್ತು, ಆದರೆ ಅದನ್ನು ಒತ್ತಿದರೆ ಮಾತ್ರ ಕಾಣುತ್ತದೆ, ಮೆಕ್ಯಾನಿಕ್ ಒತ್ತಿರಲಿಲ್ಲ. ಲಿಫ್ಟ್ ಬಿಚ್ಚಿ ಹಾಕಿದ ಮೇಲೆ ಡಯಾಲಿಸಿಸ್‌ಗೆ ಹೊರಟ ಆ ರೋಗಿ ಹೊರಗೆ ಬಂದರು. ಅವರನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಐದು ಮಹಡಿ ಇಳಿಸಿದರು.

ಬೋರ್ಡಮ್ಮ ಗ್ರೀಸಣ್ಣನ ಕರೆ ಮುಗಿಸಿದಳು. ಆ ಮನೆಯವರ ನಂಬರು ಅವಳಿಗೆ ಬಾಯಿಪಾಠ. ಫೋನ್ ಮಾಡಿದಳು. ರೋಗಿಯ ಹೆಂಡತಿ ಬಯ್ಯಲಿಲ್ಲ. "ನೀವು ಇರಲಿಲ್ಲ ಅಂತ ಕಾಣತ್ತೆ ಅಂದ್ಕೊಂಡ್ವಿ ಬಿಡಿ," ಅಂದರು. ಬಯ್ದಿದ್ದರೇ ಹಗುರವಾಗುತ್ತಿತ್ತು.

ಅಕ್ಕ ಹಾಸಿಗೆಯಿಂದಲೇ ನೋಡುತ್ತಿದ್ದಳು. "ಹೊರಡ್ತೀಯಾ?"

ಬೋರ್ಡಮ್ಮ ಚೀಲದ ಕಡೆ ನೋಡಿದಳು. ಮತ್ತೆ ಗ್ರೀಸಣ್ಣನಿಗೆ ಫೋನ್ ಮಾಡಿ, "ಶುಕ್ರವಾರಕ್ಕೆ ಏನು ಮಾಡ್ತೀರಾ?" ಎಂದು ಕೇಳಿದಳು.

"ಟಿಪ್ಪಣಿ ಓದದೆ ಯಾರೂ ಲಿಫ್ಟ್ ಮುಟ್ಟೋ ಹಾಗಿಲ್ಲ ಅಂತ ಎಲ್ಲರಿಗೂ ಹೇಳಿದೀನಿ. ನದಿ ರಸ್ತೆಗೆ ಇನ್ಮೇಲೆ ನಾನೇ ಹೋಗ್ತೀನಿ. ನೀವು ಬರಬೇಡಿ."

"ಸರಿ," ಅಂದಳು. ಫೋನ್ ಇಟ್ಟು, ಚೀಲವನ್ನು ಮಂಚದ ಕೆಳಗೆ ತಳ್ಳಿದಳು.

ಹತ್ತು ದಿನವೂ ಇದ್ದಳು. ಹನ್ನೊಂದನೆಯ ದಿನ ಆಫೀಸಿಗೆ ಬಂದು, ತಾನಿಲ್ಲದಾಗ ಆದ ತಪ್ಪುಗಳನ್ನು ಹುಡುಕಿ ನೋಡಿದಳು. ಏಳು. ಅದರಲ್ಲಿ ಮೂರನ್ನು ತಾನಿದ್ದರೂ ಮಾಡುತ್ತಿದ್ದೆ ಎಂದು ಒಪ್ಪಿಕೊಂಡಳು. ಉಳಿದ ನಾಲ್ಕು ಹಾಗಲ್ಲ. ಅವುಗಳ ಟಿಪ್ಪಣಿಗಳನ್ನು ಚಿಕ್ಕದಾಗಿ, ಮೊದಲ ಸಾಲಲ್ಲೇ ಮುಖ್ಯ ಮಾತು ಬರುವಂತೆ ಮತ್ತೆ ಬರೆದಳು. ಎರಡು ಮುಗಿಯುವಷ್ಟರಲ್ಲಿ ಐದೂವರೆಯಾಯಿತು. ಉಳಿದದ್ದು ನಾಳೆ ಎಂದು ಪರದೆ ಆರಿಸಿ ಎದ್ದಳು. ಆಯಾಸವೇನೂ ಹೋಗಿರಲಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಕಣ್ಣು ಎಳೆಯಿತು. ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಎಚ್ಚರವಾಯಿತು. ಇಳಿದು, ನಿಧಾನಕ್ಕೆ ಹಿಂದಕ್ಕೆ ನಡೆದಳು.