ಹದಿಮೂರನೇ ಜೊತೆ

ಕಚಕ್, ಕಚಕ್ — ಗೌತಮಿಯ ಕತ್ತರಿ, ಮಧ್ಯಾಹ್ನದಿಂದ ಇದೇ ಸದ್ದು, ಕಪ್ಪೆಯ ಒಂದು ಜೀವಕೋಶದ ಫೋಟೊ, ಅದರೊಳಗಿನ ವರ್ಣತಂತುಗಳನ್ನ ಒಂದೊಂದಾಗಿ ಕತ್ತರಿಸಿ, ಉದ್ದ ನೋಡಿ ಜೊತೆ ಮಾಡಿ ಹಾಳೆಗೆ ಅಂಟಿಸ್ತಾಳೆ, ನಾನೇ ಕಲಿಸಿದ್ದು, ಹನ್ನೆರಡು ಜೊತೆ ಬರುತ್ತೆ, ಹದಿಮೂರನೇದರ ಜಾಗ ಖಾಲಿ, ಮೂಗೊರೆಸಿಕೊಳ್ತಾಳೆ, ಮತ್ತೊಂದು ಫೋಟೊ — ನಲವತ್ತು ಕೋಶ ಆಯ್ತಲ್ಲೋ ಕಾಂತರಾಜು, ನಲವತ್ತರಲ್ಲೂ ಇಪ್ಪತ್ನಾಲ್ಕೇ, ಇನ್ನೂ ಎಷ್ಟು ಅಳಿಸ್ತೀಯ ಆ ಹುಡುಗೀನ, ನನ್ನನ್ನೇ ಕೇಳ್ಕೊಳ್ತೀನಿ. ನನ್ನ ಕೈಯೇ ಸರಿಯಿಲ್ಲ ಅನ್ಸುತ್ತೆ ಸಾರ್, ನಿಮ್ಮ ಪೇಪರಲ್ಲಿ ಇಪ್ಪತ್ತಾರಿದೆ, ಅಂತಾಳೆ. ಇದೆಯಮ್ಮ, ಹನ್ನೊಂದು ವರ್ಷದಿಂದ ಇದೆ, ಹನಗೋಡಿನ ಈ ಬಿಲಗಪ್ಪೆಗೆ ಇಪ್ಪತ್ತಾರು, ಮೂಲದ ಕಪ್ಪೆಗಳಿಗೂ ಅಷ್ಟೇ, ಆದ್ದರಿಂದ ಇದು ಹಳೇ ಕುಲದ್ದು, ಉಳಿದವೆಲ್ಲ ಆಮೇಲೆ ಕವಲೊಡೆದವು ಅಂತ ವಂಶವೃಕ್ಷ ಬರೆದೆ, ಬುಡದಲ್ಲಿ ನಮ್ಮ ಕಪ್ಪೆ, ಆ ಮರದ ಮೇಲೇ ಡಾಕ್ಟರೇಟು, ಹುಣಸೂರಿನ ಈ ಕಾಲೇಜು, ಈ ಕುರ್ಚಿ, ಗೋಡೆ ಮೇಲೆ ಫ್ರೇಮು ಹಾಕಿಸಿದ, ಅವತ್ತು ನಾನು ಅಂಟಿಸಿದ ಹಾಳೆ — ನೋಡಬೇಡ, ಅತ್ತ ನೋಡಬೇಡ.

ನೋಡಿದೆ. ಹದಿಮೂರನೇ ಜೊತೆ, ಎಳ್ಳಿನಷ್ಟು ಪುಟ್ಟದು, ಕೊಂಚ ಓರೆ. ಅವತ್ತು ಸಿಕ್ಕಿದ್ದೇ ಒಂದು ಕಪ್ಪೆ, ಅದರಲ್ಲಿ ಚೆನ್ನಾಗಿ ಹರಡಿದ್ದು ಒಂದೇ ಕೋಶ, ಎಣಿಸಿದ್ರೆ ಇಪ್ಪತ್ನಾಲ್ಕು, ಹಾಳಾದ್ದು, ಹಳೇ ಕುಲ ಅನ್ನೋಕೆ ಇಪ್ಪತ್ತಾರು ಬೇಕಿತ್ತು, ಪಕ್ಕದ ಒಡೆದ ಕೋಶದಿಂದ ಎರಡು ಎಳೆ ಇತ್ತ ಸರಿದು ಬಂದಿದ್ವು, ಬೇರೇದು ಅಂತ ಗೊತ್ತಿತ್ತು, ಗೊತ್ತಿದ್ದೇ ಕತ್ತರಿಸಿದೆ, ಗೊತ್ತಿದ್ದೇ ಅಂಟಿಸಿದೆ. ಈಗಿನ ಕಪ್ಪೇನೇ ಬೇರೆ ಜಾತೀದು ಇರಬಹುದು ಅಂತ ಮೊನ್ನೆ ಹನಗೋಡಿಗೆ ಓಡಿದೆ, ಆಸೆ ನೋಡು ನಂದು, ಅವತ್ತೂ ಇವತ್ತೂ ಕಪ್ಪೆ ಅಗೆದುಕೊಟ್ಟ ಚಿಕ್ಕಮಾದಯ್ಯ ನಕ್ಕುಬಿಟ್ಟ, ಅದೇ ಬದು, ಅದೇ ಕಪ್ಪೆ ಕಣ್ ಸಾ, ನನ್ ಕೈಗೆ ಗೊತ್ತಾಗಾಕಿಲ್ವಾ, ಬುಡಿ. ಬುಡೋದೆಲ್ಲಿಗೆ ಮಾದಯ್ಯ, ಎತ್ತ ತಿರುಗಿದ್ರೂ ಗೋಡೆ, ಹೇಳಿದ್ರೆ ಮರ ಹೋಯ್ತು, ಕುರ್ಚಿ ಹೋಯ್ತು, ಮಾನ ಹೋಯ್ತು, ಹೇಳದಿದ್ರೆ — ನಾಳೆ ಅವಳು ಪ್ರಬಂಧ ಕೊಡೋ ದಿನ, ತನಗೆ ಎಣಿಸೋಕೇ ಬರಲ್ಲ ಅಂತ ನಂಬ್ಕೊಂಡು ತನ್ನೂರು ಗಾವಡಗೆರೆಯ ಬಸ್ಸು ಹತ್ತುತ್ತಾಳೆ, ಇನ್ನು ಈ ಕಡೆ ಬರಲ್ಲ, ಸರಿಯಾಗಿ ಎಣಿಸಿದವಳು ಅವಳೊಬ್ಬಳೇ. ಥೂ, ಹೆದರುಪುಕ್ಕಲ, ನಾಚಿಕೆ ಆಗ್ತದೆ ನಂಗೆ.

ಕತ್ತರಿ ನಿಂತಿದೆ. ಯಾಕೆ ನಿಂತಿತು — ಸಾರ್, ಪಕ್ಕದ ಕೋಶದ್ದು ಎರಡು ಇಲ್ಲೇ ಬಿದ್ದಿವೆ, ಉದ್ದ ಸರಿಹೋಗುತ್ತೆ, ಇವನ್ನೇ ಅಂಟಿಸಿಬಿಡ್ಲಾ, ನಿಮ್ಮ ಇಪ್ಪತ್ತಾರು ಬರುತ್ತೆ. ಬ್ಯಾಡ ಕಣವ್ವಾ ಅನ್ನು, ಬಾಯಿ ಬಿಡೋ, ಅಷ್ಟೇ ಅಲ್ವಾ, ಅವಳು ನನ್ನ ಮುಖಾನೇ ನೋಡ್ತಿದ್ದಾಳೆ, ಈಗ ಅಳು ಇಲ್ಲ, ನಿರಾಳ, ಅವತ್ತು ನಂಗೂ ಹೀಗೇ ಹಗುರ ಆಗಿತ್ತು, ಅವಳ ಬೆರಳ ತುದಿಯಲ್ಲಿ ಗೋಂದು, ಗೋಂದಿನಲ್ಲಿ ಎಳ್ಳಿನಷ್ಟು ಪುಟ್ಟ ಎರಡು ಚೂರು, ಹಾಳೆಗೆ ಇನ್ನೊಂದಂಗುಲ, ಬ್ಯಾಡ ಕಣವ್ವಾ, ಅನ್ನೋ ಈಗ್ಲೇ, ಅರ್ಧ ಅಂಗುಲ, ಎರಡು ಚೂರು, ಕೊಂಚ ಓರೆ, ಎರಡು ಚೂರು —