ಎರಡು ಮಾರು ನೀರು

ನಾನು ನೀರಿನ ಆಳ ಅಳೆಯುವ ಹಗ್ಗ. ಕುಂದಾಪುರದ ಕಡೆಯ ಒಂದು ಕಡಲೂರಿನಲ್ಲಿ ತೆಂಗಿನ ನಾರಿನಿಂದ ಹುಟ್ಟಿದವನು. ನನ್ನನ್ನು ಹೊಸೆದವಳು ಗಿರಿಜ. ಅವಳ ಗಂಡ ಹೆರಿಯ ಮೊಗವೀರ ನನ್ನ ತುದಿಗೆ ಕಬ್ಬಿಣದ ಗುಂಡು ಕಟ್ಟಿ ದೋಣಿಗೆ ಹಾಕಿಕೊಂಡ.

ಬಲೆಯ ಕಣ್ಣನ್ನು ಬೆರಳಿನಲ್ಲಿ, ಬಟ್ಟೆಯನ್ನು ಮೊಳದಲ್ಲಿ, ನೀರನ್ನು ಮಾರಿನಲ್ಲಿ ಅಳೆಯುವ ಜನ ಅವರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬ ಇವತ್ತು ಇದ್ದ ಕಡೆ ನಾಳೆ ಇರುವುದಿಲ್ಲ. ಅಲ್ಲಿ ಹೆರಿಯ ನನ್ನನ್ನು ಇಳಿಬಿಡುತ್ತಿದ್ದ. ಗುಂಡು ತಳ ಮುಟ್ಟಿದ ಮೇಲೆ, ನೀರಿನ ಮಟ್ಟದಲ್ಲಿ ಹಿಡಿದು ಮೇಲೆಳೆದು, ಎರಡೂ ಕೈ ಚಾಚಿದಷ್ಟು ಉದ್ದಕ್ಕೆ ಒಂದು ಎಂದು ಮಾರು ಹಾಕುತ್ತಿದ್ದ. ಎರಡು ಮಾರಿಗೆ ಕಡಿಮೆಯಾದರೆ ದೋಣಿ ಒಳಗೆ ತರುತ್ತಿರಲಿಲ್ಲ. ಅಂಥಲ್ಲಿ ಅಲೆ ಒಡೆದು ದೋಣಿ ಮಗುಚುತ್ತದೆ. ಅವನ ತಮ್ಮ ಹಾಗೆಯೇ ಹೋಗಿದ್ದ.

ಪ್ರತಿ ಸಲ ಇಳಿಯುವಾಗಲೂ ನನಗೆ ಭಯ. ಕೆಳಗೇನಿದೆಯೆಂದು ಮೊದಲು ತಿಳಿಯುವುದು ನನಗೆ, ಹೇಳಲು ಬಾಯಿಲ್ಲ.

ಒಂದು ಮಧ್ಯಾಹ್ನ ಮೀನು ತುಂಬಿಕೊಂಡು ಬರುವಾಗ ಗಾಳಿಮಳೆ ಕವಿಯಿತು. ದಡ ಕಾಣದಾಯಿತು. ಹೆರಿಯ ಎಂಜಿನ್ ಬಿಟ್ಟು ಏಳುವಂತಿರಲಿಲ್ಲ. ಗಿರಿಜಳ ತಮ್ಮ ಶೀನ ಮೊದಲ ಸಲ ನನ್ನನ್ನು ಕೈಗೆ ತೆಗೆದುಕೊಂಡ. ಅವನ ಅಂಗೈ ತಣ್ಣಗಿತ್ತು.

"ಎಷ್ಟ್ ಮಾರ್?" ಹೆರಿಯ ಕೇಳಿದ.

"ಮೂರ್, ಭಾವ."

ಇನ್ನಷ್ಟು ಮುಂದೆ ಹೋಗಿ ಮತ್ತೆ ಇಳಿಸಿದ. ಈ ಸಲ ಗುಂಡು ಬೇಗನೆ ಮರಳಿಗೆ ತಾಗಿತು. ನಾನು ಸಡಿಲಗೊಂಡೆ.

"ಎರಡ್ ಮಾರ್ ಸಮ ಇತ್ತ್. ಒಳ್ಗ್ ಹೋಪ," ಎಂದ ಶೀನ.

ಎಂಜಿನ್ ಜೋರು ಮಾಡಲು ಹೊರಟ ಹೆರಿಯ ಶೀನನ ಚಾಚಿದ ಕೈಗಳನ್ನು ನೋಡಿದ. ಹೆರಿಯ ಉದ್ದನೆಯ ಆಳು. ಶೀನ ಅವನ ಭುಜಕ್ಕೆ ಬರುತ್ತಿದ್ದ, ಅಷ್ಟೆ.

"ನಿನ್ ಮಾರಾ, ನನ್ ಮಾರಾ?"

ಶೀನ ಚಾಚಿದ ಕೈ ಇಳಿಸಿದ. "ನಂದೇ."

"ನಿನ್ನ ಎರಡ್ ಮಾರ್ ನಂಗೆ ಎರಡ್ ಆತಿಲ್ಲ ಮಾರಾಯ."

ಹೆರಿಯ ದೋಣಿಯನ್ನು ಕಡಲಿಗೇ ತಿರುಗಿಸಿದ. ಒಳಗೆ ಹೋಗೋಣವೆಂದು ಶೀನ ಅಂಗಲಾಚಿದ. ಹೆರಿಯ ಕೇಳಲಿಲ್ಲ. ಆಳದ ನೀರಿನಲ್ಲಿ ಲಂಗರು ಹಾಕಿದರು. ಹಿಡಿದ ಮೀನನ್ನೆಲ್ಲ ಕಡಲಿಗೆ ಸುರಿದು, ದೋಣಿಗೆ ನುಗ್ಗುವ ನೀರನ್ನು ಮೊಗೆದು ಮೊಗೆದು ಚೆಲ್ಲಿದರು. ಶೀನ ನನ್ನನ್ನು ಸೊಂಟಕ್ಕೆ ಸುತ್ತಿ ಹಲಗೆಗೆ ಬಿಗಿದುಕೊಂಡಿದ್ದ.

ಮಳೆ ಬಿಟ್ಟಾಗ ಅಳಿವೆ ಕಂಡಿತು. ನಾವು ಹೋಗಬೇಕೆಂದಿದ್ದ ದಾರಿಯಲ್ಲೇ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ಸಂಜೆ ನೀರು ಏರಿದ ಮೇಲೆ ದಡ ಸೇರಿದರು.

ಶೀನ ಮತ್ತೆ ದೋಣಿ ಹತ್ತಲಿಲ್ಲ; ದಡದಲ್ಲೇ ಬಲೆ ಸರಿಮಾಡುವ ಕೆಲಸ ಹಿಡಿದ. ಮುಂದೆ ಹೆರಿಯನ ದೋಣಿಗೆ ಆಳ ತೋರಿಸುವ ಮಷಿನ್ ಬಂತು. ಗುಂಡು ಬಿಚ್ಚಿ ನನ್ನನ್ನು ಶೀನನ ಮನೆಗೆ ಕೊಟ್ಟರು. ಈಗ ಅವನ ಹಿತ್ತಲಿನಲ್ಲಿ ನನ್ನ ಮೇಲೆ ಬಟ್ಟೆ ಒಣಗುತ್ತದೆ. ಎಳೆಗಳು ಬಿಚ್ಚಿಕೊಂಡಿವೆ, ಬಣ್ಣ ಬೂದುಗಟ್ಟಿದೆ.

ಕಡಲ ಕಡೆಯಿಂದ ಮಳೆ ಕವಿದರೆ ಶೀನನ ಹೆಂಡತಿ ಸೀತು ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತಾಳೆ. ಶೀನ ಹೊರಗೆ ಬಂದು ನನ್ನನ್ನು ಹಿಡಿದು ನಿಲ್ಲುತ್ತಾನೆ, ಭಾವ ದಡ ಸೇರಿದ ಸುದ್ದಿ ಬರುವ ತನಕ.

"ಒಳ್ಗ್ ಬನ್ನಿ. ಅವ್ರಿಗ್ ಈಗ ಮಷಿನ್ ಇತ್ತಲೆ," ಎನ್ನುತ್ತಾಳೆ ಸೀತು.

ಮಷಿನ್ ಸುಳ್ಳು ಹೇಳುವುದಿಲ್ಲವಂತೆ. ನಾನೂ ಹೇಳಿರಲಿಲ್ಲ.

"ಇತ್ತ್," ಎನ್ನುತ್ತಾನೆ ಶೀನ. ಹಿಡಿದ ಕೈ ಬಿಡುವುದಿಲ್ಲ.