ಕೂತ ಹದಿನೈದು ನಿಮಿಷ

ಲಾಂಡ್ರಿಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವಳ ಗೆರೆ ಎಲ್ಲರಿಗಿಂತ ಮೇಲೇರಿತ್ತು. ಹೋದ ತಿಂಗಳು ದಿನಕ್ಕೆ ನೂರೆಂಬತ್ತು ಬೆಡ್‌ಶೀಟು ಇಸ್ತ್ರಿಯಾಗುತ್ತಿದ್ದ ಕೈಯಲ್ಲಿ ಈ ತಿಂಗಳು ಇನ್ನೂರಹತ್ತು. ಸೂಪರ್‌ವೈಸರ್ ಗೆರೆಯ ಮೇಲೆ ಬೆರಳಿಟ್ಟು, ಎಲ್ಲ ಪುಡಿಯ ಮಹಿಮೆ ಎಂದ.

ಪುಡಿ ತಂದವಳು ಕನ್ನಡಕದ ಹುಡುಗಿ, ಸಂಶೋಧನೆ ಮಾಡುವವಳು. ಹದಿನಾರು ಹೆಂಗಸರೂ ಅವಳನ್ನು ಪುಡಿ ಮೇಡಂ ಎನ್ನುತ್ತಿದ್ದರು. ಪುಡಿಯೆಂದರೆ ಮಾಂಸದಲ್ಲಿ, ಹಾಲಿನಲ್ಲಿ ತಾನಾಗಿಯೇ ಇರುವ ವಸ್ತುವಂತೆ. ಮೈಯ ಕೊಬ್ಬು ಸ್ನಾಯುಗಳಿಗೆ ಉರುವಲಾಗಲು ನೆರವಾಗುತ್ತದಂತೆ. ಓಡುವವರಿಗೆ ದಣಿವು ತಡವಾಗಿ ಬರಬಹುದು, ಏನೂ ಆಗದೆಯೂ ಇರಬಹುದು, ನಿಂತು ದುಡಿಯುವವರಿಗೆ ಹೇಗೋ ನೋಡಬೇಕು ಎಂದು ಅವಳು ಇದ್ದದ್ದನ್ನೇ ಹೇಳಿದ್ದಳು. ಮಧ್ಯಾಹ್ನ ಮೂರಕ್ಕೆ ಲೋಟದಲ್ಲಿ ಕದಡಿ ಕುಡಿದು, ಅದು ಮೈಗೆ ಹಿಡಿಯಲು ಹದಿನೈದು ನಿಮಿಷ ಬೆಂಚಿನ ಮೇಲೆ ಕೂರಬೇಕಿತ್ತು.

ಮೇಲೇರಿದ ಗೆರೆಯ ಇವಳಿಗೆ ಮೊದಲ ದಿನವೇ ಹೊಟ್ಟೆ ತೊಳಸಿತು. ಎರಡನೆಯ ದಿನದಿಂದ ಲೋಟವನ್ನು ಮೋರಿಗೆ ಸುರಿದಳು. ಪುಡಿ ಕುಡಿಯುವವರ ಪಟ್ಟಿಯಿಂದ ಹೆಸರು ಹೋದರೆ ಬೆಂಚೂ ಹೋದೀತೆಂದು ಬಾಯಿಬಿಡಲಿಲ್ಲ. ಪಕ್ಕದ ಮೇಜಿನ ಅತ್ತಿಗೆಗೆ ಮಾತ್ರ ಗೊತ್ತಿತ್ತು. ಆ ಮೋರಿಯ ಇರುವೆಗಳು ಇನ್ನೆರಡು ದಿನದಲ್ಲಿ ಆನೆ ಹೊರುತ್ತವೆ ಎಂದು ಅವಳು ನಗಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಕೆಲಸದ ನಡುವೆ, ಆ ಬೆಂಚಿನ ಮೇಲೆ, ಇವಳ ಮಂಡಿಗಳು ಮಡಚಿಕೊಂಡಿದ್ದವು. ಎದ್ದು ನಿಂತಾಗ ಕಾಲು ತನ್ನದೇ ಅನ್ನಿಸುತ್ತಿತ್ತು.

ಈಗ ಹಾಳೆಯ ಮುಂದೆ ಪುಡಿ ಮೇಡಂ ಪಕ್ಕ ನಿಂತು, ಇನ್ನು ಕೂರುವ ಅಗತ್ಯವಿಲ್ಲ ಎಂದ ಸೂಪರ್‌ವೈಸರ್. ಇವತ್ತಿನಿಂದಲೇ ಪುಡಿ ಬಾಟಲಿಯಲ್ಲಿ ಕಲಸಿ ಬರುತ್ತದೆ, ಇಸ್ತ್ರಿ ಮಾಡುತ್ತಲೇ ಗುಟುಕರಿಸಬಹುದು.

ಇವಳ ಕಿವಿ ಕಾದವು. ತಮ್ಮ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅನ್ನುವ ಜನ. ಅವಳ ದಣಿವಿಗೆ ಎಲ್ಲರ ಹತ್ತಿರವೂ ಒಂದೊಂದು ಮದ್ದಿತ್ತು. ಗಂಡ ಮುಲಾಮು ತಂದಿದ್ದ, ಅತ್ತೆ ಕಷಾಯ ಕುದಿಸಿದ್ದಳು, ಇಲ್ಲಿ ಪುಡಿ. ಸ್ವಲ್ಪ ಕೂತುಕೋ ಎಂದವರು ಒಬ್ಬರೂ ಇಲ್ಲ. ಅತ್ತಿಗೆ ಸೊಂಟ ಚಿವುಟಿದಳು, ಸುಮ್ಮನಿರು ಎಂದು. ಅವಳು ಆ ಕೈ ಕೊಡವಿದಳು.

"ನಾನು ಒಂದೇ ದಿನ ಕುಡಿದದ್ದು ಮೇಡಂ. ಮಿಕ್ಕ ದಿನ ಬರೀ ಕೂತಿದ್ದೆ."

ಹುಡುಗಿ ಅವಳ ಗೆರೆಯನ್ನು ಮತ್ತೊಮ್ಮೆ ನೋಡಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ಕೂರೋಕೆ ಬಿಡ್ತಿದ್ರಾ?"

ಹುಡುಗಿ ಸೂಪರ್‌ವೈಸರ್ ಕಡೆ ತಿರುಗಿ, ಹಾಗಾದರೆ ಕೂರುವುದನ್ನು ನಿಲ್ಲಿಸಬಾರದು, ಪುಡಿ ಕೊಡದೆ ಬರೀ ಕೂರಿಸಿಯೂ ನೋಡಬೇಕು ಎಂದಳು. ಒಬ್ಬ ಕಳ್ಳಿಯ ಮಾತಿಗೆ ಕೆಲಸ ನಿಲ್ಲಿಸಲೇ ಎಂದು ಅವನು ರೇಗಿದ. ಇವಳ ಗೆರೆ ಹೊಡೆದುಹಾಕಿ, ಉಳಿದ ಹದಿನೈದು ಸಾಕು ಎಂದ. ಹುಡುಗಿ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ಆಮೇಲೆ ಹೊಡೆದುಹಾಕಿದಳು.

ಹನ್ನೊಂದು ವರ್ಷದ ಕಾಲು, ಒಂದು ಅಡ್ಡಗೆರೆ. ಅವನಿಗಿಂತ ಆ ಹುಡುಗಿಯ ಮೇಲೆಯೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಗೊತ್ತಿದ್ದೂ ಹೊಡೆದಳಲ್ಲ.

ಮೂರು ಗಂಟೆಗೆ ಬಾಟಲಿಗಳು ಬಂದವು. ಅವಳು ಇಸ್ತ್ರಿ ಪೆಟ್ಟಿಗೆ ಆರಿಸಿ ಬೆಂಚಿಗೆ ಹೋಗಿ ಕೂತಳು. ಅತ್ತಿಗೆ ತಲೆ ತಗ್ಗಿಸಿ ಬೆಡ್‌ಶೀಟಿನ ಅಂಚು ಎಳೆಯುತ್ತಲೇ ಇದ್ದಳು. ಸೂಪರ್‌ವೈಸರ್ ಎದುರು ಬಂದು ನಿಂತು, ಏನು ಮಾಡುತ್ತಿದ್ದೀಯ ಎಂದು ಕೇಳಿದ.

"ಪುಡಿ ಕುಡೀತಾ ಇದೀನಿ ಸಾರ್," ಎಂದಳು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. "ಮೈಗೆ ಹಿಡಿಯೋಕೆ ಹದಿನೈದು ನಿಮಿಷ ಬೇಕು."